ಕಂಪ್ಯೂಟರ್‌ಗೆ ಅಕ್ಷರ ಎಣಿಸಲು ಕಲಿಸೋಣ

ಮಕ್ಕಳೇ, ಒಂದು ದಿನಪತ್ರಿಕೆಯನ್ನು ಬಿಡಿಸಿ ನೋಡಿ. ಸುದ್ದಿಯೆಲ್ಲ ಕಿರಿದಾದ ಕಂಬಗಳಂತೆ ಮೇಲಿನಿಂದ ಕೆಳಗೆ ಇಳಿದಿರುತ್ತದೆ. ಇವನ್ನು ಕಾಲಂ ಎನ್ನುತ್ತಾರೆ. ಸಾಲು ತೀರಾ ಉದ್ದವಾದರೆ, ಓದಿ ಮುಗಿಸಿ ಮುಂದಿನ ಸಾಲಿಗೆ ಬರುವಾಗ ಕಣ್ಣು ದಾರಿ ತಪ್ಪುತ್ತದೆ. ಅದಕ್ಕೇ ಸಾಲುಗಳನ್ನು ಗಿಡ್ಡ ಮಾಡುತ್ತಾರೆ.

ಈ ಕೆಲಸವನ್ನು ಇಂದು ಕಂಪ್ಯೂಟರ್ ಮಾಡುತ್ತದೆ. ಅದಕ್ಕೆ ನಾವು ಬರೆದುಕೊಡುವ ಸೂಚನೆಗಳ ಪಟ್ಟಿಯೇ ಪ್ರೋಗ್ರಾಂ. 1991ರಲ್ಲಿ ನೆದರ್‌ಲೆಂಡ್ಸ್ ದೇಶದ ಗೈಡೊ ವಾನ್ ರೋಸಮ್ ಅವರು ಹೊರತಂದ ಪೈಥಾನ್ ಎಂಬ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ಇದಕ್ಕೆಂದೇ ಸಿದ್ಧ ಸಾಧನವೊಂದಿದೆ. ಅದರ ಹೆಸರು ಟೆಕ್ಸ್ಟ್‌ರ‍್ಯಾಪ್. ಅದರ ನಿಯಮ ಬಹಳ ಸರಳ. ಸಾಲಿನಲ್ಲಿ ಜಾಗವಿರುವವರೆಗೆ ಪದಗಳನ್ನು ಒಂದೊಂದಾಗಿ ಇಡು. ಪದ ಹಿಡಿಸದಿದ್ದರೆ ಹೊಸ ಸಾಲಿಗೆ ಹೋಗು. ಅಷ್ಟೇ!

ಇದನ್ನು ನೀವೂ ಮಾಡಬಹುದು. ಕಂಪ್ಯೂಟರ್ ಬೇಕಿಲ್ಲ, ಲೆಕ್ಕದ ಚೌಕಳಿ ಹಾಳೆ ಸಾಕು. ಸಾಲಿಗೆ 10 ಚೌಕ ಎಂದಿಟ್ಟುಕೊಳ್ಳಿ. ಒಂದು ಅಕ್ಷರಕ್ಕೆ ಒಂದು ಚೌಕ, ಪದಗಳ ನಡುವೆ ಒಂದು ಖಾಲಿ ಚೌಕ. 'ನಮ್ಮ ಊರಿನ ಕೆರೆ ಈ ಸಲ ತುಂಬಿದೆ' ಎಂದು ಬರೆಯಿರಿ. ಮೊದಲ ಸಾಲಿನಲ್ಲಿ 'ನಮ್ಮ ಊರಿನ ಕೆರೆ', ಎರಡನೆಯದರಲ್ಲಿ 'ಈ ಸಲ ತುಂಬಿದೆ' ಬರುತ್ತದೆ. ಎರಡೇ ಸಾಲು!

ಇದೇ ವಾಕ್ಯವನ್ನು, ಇದೇ 10ರ ಅಗಲವನ್ನು ಟೆಕ್ಸ್ಟ್‌ರ‍್ಯಾಪ್‌ಗೆ ಕೊಟ್ಟರೆ ಮೂರು ಸಾಲು ಮಾಡುತ್ತದೆ: 'ನಮ್ಮ ಊರಿನ', 'ಕೆರೆ ಈ ಸಲ', 'ತುಂಬಿದೆ'. ಏಕೆ ಗೊತ್ತೇ? ಅದು ಅಕ್ಷರಗಳನ್ನು ಎಣಿಸುವುದಿಲ್ಲ, ಸಂಜ್ಞೆಗಳನ್ನು ಎಣಿಸುತ್ತದೆ. ಕಂಪ್ಯೂಟರ್‌ನ ಒಳಗೆ 'ಕೆ' ಎಂದರೆ 'ಕ' ಒಂದು, 'ಎ'ಕಾರದ ಗುರುತು ಇನ್ನೊಂದು. 'ಮ್ಮ' ಎಂದರೆ ಮೂರು: 'ಮ', ಕೂಡಿಸುವ ಗುರುತು, ಮತ್ತೆ 'ಮ'. ನಾವು ಎರಡು ಅಕ್ಷರ ಎನ್ನುವ 'ನಮ್ಮ' ಅದಕ್ಕೆ ನಾಲ್ಕು!

ಸಾಲು ಹೆಚ್ಚಾದರೆ ನಷ್ಟವೇನು ಎನ್ನುತ್ತೀರಾ? ನಷ್ಟ ಇಲ್ಲಿದೆ. 'ಗ್ರಂಥಾಲಯಕ್ಕೆ' ಎಂಬುದು ನಮಗೆ ಐದೇ ಅಕ್ಷರ. ಕಂಪ್ಯೂಟರ್‌ಗೆ 12 ಸಂಜ್ಞೆ. 10ರ ಸಾಲಿನಲ್ಲಿ ಹಿಡಿಸುವುದಿಲ್ಲವೆಂದು ಆ ಸಾಧನ ಪದವನ್ನೇ ಕತ್ತರಿಸುತ್ತದೆ. ಪದವು ಸಾಲಿನ ಮೊದಲಲ್ಲೇ ಇದ್ದರೆ ಮೇಲೆ 'ಗ್ರಂಥಾಲಯಕ್' ಉಳಿದು, ಕೆಳಗೆ 'ಕೆ' ಬೀಳುತ್ತದೆ. ಒತ್ತಕ್ಷರ ಒಡೆದೇ ಹೋಯಿತು! ಓದಲು ಕಲಿಯುತ್ತಿರುವ ಪುಟ್ಟ ತಂಗಿ ಇದನ್ನು ಹೇಗೆ ಓದಬೇಕು?

"ಕಂಪ್ಯೂಟರ್‌ಗೆ ಕನ್ನಡ ಒಗ್ಗುವುದಿಲ್ಲ, ಇಂಗ್ಲಿಷೇ ಸರಿ" ಎಂದು ಹೇಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ತಪ್ಪು ಕನ್ನಡದ್ದಲ್ಲ, ಎಣಿಸುವ ರೀತಿಯದು. ಎಣಿಸುವ ರೀತಿಯನ್ನು ಬರೆದವರು ಮನುಷ್ಯರೇ. ಆದ್ದರಿಂದ ಮನುಷ್ಯರೇ ಅದನ್ನು ತಿದ್ದಬಹುದು. ಗುಣಿತದ ಗುರುತನ್ನೂ ಒತ್ತನ್ನೂ ಮೂಲ ಅಕ್ಷರದ ಜೊತೆ ಸೇರಿಸಿ ಒಂದೆಂದು ಎಣಿಸು ಎಂಬ ಸೂಚನೆಯನ್ನು ಪ್ರೋಗ್ರಾಂಗೆ ಸೇರಿಸಿದರೆ ಅಕ್ಷರ ಒಡೆಯುವುದಿಲ್ಲ. ಅಚ್ಚಿನಲ್ಲಿ 'ಮಾ' ಅಗಲ, 'ರ' ಕಿರಿದು. ಆದ್ದರಿಂದ ಕಾಲಂ ಅಂದವಾಗಿ ಕಾಣಲು ಅಕ್ಷರಗಳ ಅಗಲವನ್ನೂ ಅಳೆಯಬೇಕು. ಅದೂ ಲೆಕ್ಕವೇ ಅಲ್ಲವೇ?

ಈ ಸೂಚನೆಯನ್ನು ಬರೆಯಬೇಕಾದರೆ ಪ್ರೋಗ್ರಾಂ ಬರೆಯಲು ಬಂದರಷ್ಟೇ ಸಾಲದು, ಕಾಗುಣಿತವೂ ಗೊತ್ತಿರಬೇಕು. ಕಾಗುಣಿತ ನಿಮಗೆ ಆಗಲೇ ಗೊತ್ತಿದೆ. ಹಾಗಾಗಿ ಅರ್ಧ ಪಾಠ ನಿಮ್ಮಲ್ಲೇ ಇದೆ. ಉಳಿದರ್ಧವನ್ನು ಚೌಕಳಿ ಹಾಳೆಯಿಂದ ಇಂದೇ ಆರಂಭಿಸಿ. ನಿಮ್ಮ ಹೆಸರಿನಲ್ಲಿ ಅಕ್ಷರ ಎಷ್ಟು, ಸಂಜ್ಞೆ ಎಷ್ಟು? ಎಣಿಸಿ ನೋಡುವಿರಲ್ಲವೇ?