ನಿಂತ ಲಾರಿಗೂ ಟನ್ನಿಗೆ ಸಾವಿರ

1961ರ ಆದಾಯ ತೆರಿಗೆ ಕಾಯ್ದೆ ಹೋಗಿ 2026ರ ಏಪ್ರಿಲ್ 1ರಿಂದ ಹೊಸದು ಬಂತು. ಭಾಷೆ ಸರಳವಾಯಿತು, ಕಲಮುಗಳು ಕಡಿಮೆಯಾದವು ಎಂದು ಹಿಗ್ಗಿದವರೇ ಹೆಚ್ಚು. ಸಿರುಗುಪ್ಪದ ಲಾರಿ ಮಾಲೀಕನ ಮಟ್ಟಿಗೆ ಬದಲಾದದ್ದು ನಂಬರು ಮಾತ್ರ: 44ಎಇ ಇದ್ದದ್ದು 58ರೊಳಗೆ ಸೇರಿತು. ಅನ್ಯಾಯ ಇದ್ದಲ್ಲೇ ಇದೆ.

ಡೀಸೆಲ್, ಟೈರು, ಡ್ರೈವರ್ ಬಾಟಾ, ಸವಕಳಿ ಯಾವುದಕ್ಕೂ ಚೀಟಿ ಇಡಬೇಕಿಲ್ಲ, ಹತ್ತು ಗಾಡಿಯೊಳಗಿನವರಿಗೆ ಖರ್ಚೆಲ್ಲ ಕಳೆದ ಲಾಭವನ್ನು ಕಾಯ್ದೆಯೇ ಗೊತ್ತುಮಾಡುತ್ತದೆ ಎಂದು ಆಡಿಟರುಗಳು ಹೊಗಳುತ್ತಾರೆ. 12 ಟನ್ ಮೀರಿದ ಲಾರಿಗೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಉಳಿದವಕ್ಕೆ ಗಾಡಿಗೆ 7,500. ಈ ದರದ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು 'ತಿಂಗಳು' ಎಂಬುದರ ಮೇಲೆ. ಕಾಯ್ದೆ ಎಣಿಸುವುದು ಲಾರಿ ಓಡಿದ ತಿಂಗಳನ್ನಲ್ಲ, ಒಡೆತನದಲ್ಲಿದ್ದ ತಿಂಗಳನ್ನು. ಕಂತು ತೀರದ ಗಾಡಿಗೂ ಒಡೆಯ ಅವನೇ.

28.5 ಟನ್ನಿನ ಹತ್ತು ಚಕ್ರದ ಲಾರಿ ಐದಿದ್ದರೆ ವರ್ಷಕ್ಕೆ 17.10 ಲಕ್ಷ ಲಾಭ ಬಂತೆಂದೇ ಲೆಕ್ಕ. ಬೇರೆ ಆದಾಯ ಇಲ್ಲದಿದ್ದರೂ ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ 1,47,680 ರೂಪಾಯಿ. ನೆಲ್ಲಿನ ಸುಗ್ಗಿಯಲ್ಲಿ, ಕುರುಗೋಡು ಸೀಮೆಯ ಮೆಣಸಿನಕಾಯಿ ಬ್ಯಾಡಗಿಗೆ ಹೋಗುವ ಕಾಲದಲ್ಲಿ ಇದು ಭಾರವೇನಲ್ಲ. ಎರಡನೇ ಬೆಳೆಗೆ ಕಾಲುವೆ ನೀರು ಬಾರದ ವರ್ಷ ರೈಸ್ ಮಿಲ್ಲಿನ ಮುಂದೆ ಲೋಡೇ ಇರುವುದಿಲ್ಲ. ಐದೂ ಲಾರಿ ನಾಲ್ಕು ತಿಂಗಳು ನಿಂತರೆ, ನಿಂತಿದ್ದಕ್ಕೇ 5.70 ಲಕ್ಷ 'ಲಾಭ'.

ಬಳ್ಳಾರಿ ಇದನ್ನು ಒಮ್ಮೆ ಕಂಡಿದೆ. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ತಪ್ಪು ಗಣಿಯವರದು, ನಿಂತದ್ದು ಸಾಲದ ಲಾರಿ. ಆಗ ಭಾರಿ ಲಾರಿಗೆ ಕಾಯ್ದೆ ಹಿಡಿಯುತ್ತಿದ್ದ ಲಾಭ ತಿಂಗಳಿಗೆ 5,000, ವರ್ಷಕ್ಕೆ 60,000. 2018ರಲ್ಲಿ ಟನ್ನಿನ ಲೆಕ್ಕ ಬಂತು. ಅದೇ ವರ್ಷದ ಜುಲೈನಲ್ಲಿ ಕೇಂದ್ರವು ಆಕ್ಸಲ್ ಭಾರದ ಮಿತಿ ಏರಿಸಿತು, 25 ಟನ್ನಿನ ಲಾರಿಯ ಮಿತಿ 28.5 ಆಯಿತು. ಹೊಸ ಮಿತಿಯಲ್ಲಿ ನೋಂದಣಿಯಾದ ಲಾರಿಯ ಕಾಗದದ ಲಾಭ ಈಗ ವರ್ಷಕ್ಕೆ 3.42 ಲಕ್ಷ. 2011 ಮತ್ತೆ ಬಂದರೆ ನಿಂತ ಲಾರಿಯ ತಲೆಗೆ ಬೀಳುವ ಲಾಭ ಐದೂವರೆ ಪಟ್ಟಿಗಿಂತ ಹೆಚ್ಚು! ಬಜೆಟ್ ಚರ್ಚೆಗಳಲ್ಲಿ ಈ ಸಂಖ್ಯೆ ಎತ್ತಿದವರನ್ನು ನಾನಂತೂ ಕಾಣೆ.

'12 ಲಕ್ಷದವರೆಗೆ ತೆರಿಗೆಯೇ ಇಲ್ಲವಲ್ಲ' ಎನ್ನುವವರಿದ್ದಾರೆ. ಲಾರಿಯ ದುಡಿಮೆ ಬಿಟ್ಟು ಬೇರೆ ಆದಾಯವಿಲ್ಲದ ಒಂದು, ಎರಡು, ಮೂರು ಲಾರಿಯವರಿಗೆ ನಿಜ. ಆದರೆ ಅವರ ನಷ್ಟ ಎಲ್ಲಿ ಹೋಯಿತು? ಕೆಟ್ಟ ವರ್ಷದ ನಷ್ಟವನ್ನು ಮುಂದಿನ ಎಂಟು ವರ್ಷದ ಲಾಭದಲ್ಲಿ ಕಳೆದುಕೊಳ್ಳುವ ಹಕ್ಕು ಉಳಿದ ವ್ಯಾಪಾರಿಗಳಂತೆ ಅವರಿಗೂ ಬೇಕು. ಅದನ್ನು ಕೇಳಬೇಕೆಂದರೆ ಚೀಟಿಯಿಲ್ಲದ ಸುಖ ಬಿಟ್ಟು ಲೆಕ್ಕಪುಸ್ತಕ ಹಿಡಿದು ಆಡಿಟರ ಮನೆ ಬಾಗಿಲಿಗೆ ಹೋಗಬೇಕು. ಕಂತು ಕಟ್ಟಲಾಗದ ವರ್ಷದಲ್ಲಿ ಅವರ ಫೀಸಿಗೆ ದುಡ್ಡೆಲ್ಲಿ?

ಓಡಿದ ತಿಂಗಳನ್ನು ಪತ್ತೆ ಹಚ್ಚುವುದು ಕಷ್ಟ ಎಂಬ ನೆಪವೂ ನಿಲ್ಲದು. ಗಾಡಿ ಓಡಿಸುವುದಿಲ್ಲವೆಂದು ಮೊದಲೇ ಬರೆದುಕೊಟ್ಟು ದಾಖಲೆಗಳನ್ನು ಆರ್‌ಟಿಒಗೆ ಒಪ್ಪಿಸಿದರೆ ರಸ್ತೆ ತೆರಿಗೆಯಿಂದ ಬಿಡುಗಡೆ ಕೊಡುವ ವ್ಯವಸ್ಥೆ ಕರ್ನಾಟಕದಲ್ಲಿ ಹಿಂದಿನಿಂದಲೂ ಇದೆ. ಬಳ್ಳಾರಿಯ ಸಂಸದರು ಮುಂದಿನ ಬಜೆಟ್ಟಿಗೆ ಮುನ್ನ ಹಣಕಾಸು ಸಚಿವಾಲಯವನ್ನು ಕೇಳಬೇಕಾದದ್ದು ಇಷ್ಟೇ: ಆರ್‌ಟಿಒ ಒಪ್ಪಿದ ಆ ತಿಂಗಳುಗಳನ್ನು 58ನೇ ಕಲಮಿನ ಲೆಕ್ಕದಿಂದಲೂ ಕೈಬಿಡಿ.