ರಥದಲ್ಲಿ ನಾಯಿಗೆ ಜಾಗವಿದೆಯೇ?

ಮಹಾಪ್ರಸ್ಥಾನಿಕ ಪರ್ವದ ಕೊನೆಗೆ ನಡೆಯುವ ಜಗಳ ಮೂಲತಃ ಒಂದು ವಾಹನದ ಜಗಳ. ದ್ರೌಪದಿ ಬಿದ್ದಳು, ತಮ್ಮಂದಿರು ಒಬ್ಬೊಬ್ಬರಾಗಿ ಬಿದ್ದರು, ಧರ್ಮರಾಯನ ಹಿಂದೆ ಉಳಿದದ್ದು ಒಂದು ನಾಯಿ. ಇಂದ್ರ ರಥ ತಂದು ನಿಲ್ಲಿಸಿ ಹತ್ತು ಎಂದ. ಇದೂ ಬರಲಿ ಎಂದರೆ, ನಾಯಿ ಕಟ್ಟಿಕೊಂಡವರಿಗೆ ಸ್ವರ್ಗದಲ್ಲಿ ಎಡೆಯಿಲ್ಲ, ಅದನ್ನು ಇಲ್ಲೇ ಬಿಡು ಎಂದ. ಬಿಡುವುದಿಲ್ಲ ಎಂದು ಧರ್ಮರಾಯ ನಿಂತುಬಿಟ್ಟ. ಆ ನಾಯಿ ಯಮಧರ್ಮನೇ ಆಗಿತ್ತಲ್ಲ ಎಂದು ಯಾರಾದರೂ ನೆನಪಿಸಿಯಾರು. ಹೌದು, ಆದರೆ ಬಿಡುವುದಿಲ್ಲ ಎನ್ನುವಾಗ ಅವನಿಗೆ ಅದು ಗೊತ್ತಿರಲಿಲ್ಲ. ನಮ್ಮ ದುರದೃಷ್ಟಕ್ಕೆ ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ. ಇಂದ್ರನ ಶೋರೂಮಿನ ಈ ಪ್ರಸಂಗ ಅವನ ಭಾಮಿನಿಯಲ್ಲಿ ಇದ್ದಿದ್ದರೆ ಹೇಗಿರುತ್ತಿತ್ತೋ!

ಇವತ್ತಿನ ಇಂದ್ರರು ಇಷ್ಟು ನೇರವಾಗಿ ಇಲ್ಲ ಎನ್ನುವುದಿಲ್ಲ. ಜಾಹೀರಾತಿನಲ್ಲಿ ಗೋಲ್ಡನ್ ರಿಟ್ರೀವರ್ ಒಂದನ್ನು ಕಿಟಕಿಯಿಂದ ಮೂತಿ ಹೊರಹಾಕಿಸಿ ಕೂರಿಸುತ್ತಾರೆ. ಕಾರಿನ ಹೆಸರಿನ ಹಿಂದೆ 'ಫ್ಯಾಮಿಲಿ' ಎಂದು ಬರೆಯುತ್ತಾರೆ. ಆಮೇಲೆ ಆ ನಾಯಿಯ ಮೈಗಾಗಲಿ, ಉಸಿರಿಗಾಗಲಿ, ಹೊಟ್ಟೆಗಾಗಲಿ ಸಂಬಂಧವೇ ಇಲ್ಲದ ಗಾಡಿಯನ್ನು ನಮಗೆ ಮಾರುತ್ತಾರೆ. ನಾವು ಕೊಳ್ಳುತ್ತೇವೆ. ನನ್ನ ತಕರಾರು ಅವರಿಗಿಂತ ಹೆಚ್ಚಾಗಿ ಕೊಳ್ಳುವ ನಮ್ಮ ಮೇಲೆ. ಏಕೆಂದರೆ ನಾಯಿಯ ಜತೆ ಓಡಾಡುವ ಕುಟುಂಬಕ್ಕೆ ಈವರೆಗೆ ಬಂದ ವಾಹನಗಳಲ್ಲೆಲ್ಲ ಹೆಚ್ಚು ಒಗ್ಗಬಹುದಾದದ್ದು ವಿದ್ಯುತ್ ಕಾರು. ಎಂಜಿನ್ನಿನ ನಡುಕವಿಲ್ಲ, ಹೊಗೆಯಿಲ್ಲ, ನಿಂತಲ್ಲೇ ಎಸಿ ಓಡುತ್ತದೆ, ನಡುವೆ ಉಬ್ಬಿಲ್ಲದ ಸಪಾಟು ನೆಲ ಮಾಡಬಹುದು. ಇಷ್ಟೆಲ್ಲ ಅನುಕೂಲವಿರುವ ಯಂತ್ರವನ್ನು ನಾವು ಆರಿಸುವುದು ಎರಡೇ ಅಂಕಿ ನೋಡಿ: ಎಷ್ಟು ಕಿಲೋಮೀಟರ್, ಎಷ್ಟು ಲೀಟರ್.

ಲೀಟರ್ ಎಂದರೆ ಡಿಕ್ಕಿಯ ಗಾತ್ರ. ಅದನ್ನು ಅಳೆಯುವ ಒಂದು ಜರ್ಮನ್ ಪದ್ಧತಿಯಿದೆ. 200 ಮಿ.ಮೀ. ಉದ್ದ, 100 ಅಗಲ, 50 ದಪ್ಪದ, ಅಂದರೆ ಸರಿಯಾಗಿ ಒಂದು ಲೀಟರಿನ ತುಂಡುಗಳನ್ನು ಇಟ್ಟಿಗೆ ಪೇರಿಸಿದ ಹಾಗೆ ಪೇರಿಸುತ್ತ ಹೋಗುವುದು, ಎಷ್ಟು ಹಿಡಿಸಿತೋ ಅಷ್ಟು ಲೀಟರ್. ಟಿಯಾಗೊ ಇವಿ 240, ನೆಕ್ಸಾನ್ ಇವಿ 350, ವಿಂಡ್ಸರ್ 604, ಮಹೀಂದ್ರದ ಎಕ್ಸ್‌ಇವಿ 9ಇ 663. ಸೂಟ್‌ಕೇಸಿಗೆ, ಅಕ್ಕಿ ಮೂಟೆಗೆ, ಊರಿಂದ ತರುವ ತೆಂಗಿನಕಾಯಿಗೆ ಈ ಲೆಕ್ಕ ನಡೆಯುತ್ತದೆ. ನಾಯಿಯನ್ನು ಇಟ್ಟಿಗೆಗಳಾಗಿ ಒಡೆಯಲು ಬರುವುದಿಲ್ಲ. ಅದಕ್ಕೆ ಬೇಕಾದದ್ದು ಎತ್ತರ. ಭುಜದ ಹತ್ತಿರವೇ 55 ಸೆಂಟಿಮೀಟರ್ ಇರುವ ಲ್ಯಾಬ್ರಡಾರ್ ತಲೆಯೆತ್ತಿ ನಿಂತರೆ ಇನ್ನೂ ಒಂದು ಗೇಣು ಬೇಕು. ಅದು ಒಂದು ಸುತ್ತು ತಿರುಗಿ ಮಲಗಲು ಬೇರೆ ಜಾಗ ಬೇಕು. ಸುತ್ತು ತಿರುಗದೆ ಯಾವ ನಾಯಿಯೂ ಮಲಗುವುದಿಲ್ಲ ಎಂಬುದು ನಾಯಿ ಸಾಕಿದವರಿಗೆಲ್ಲ ಗೊತ್ತು, ಕಾರಿನ ನಕ್ಷೆ ಬರೆಯುವವರಿಗೆ ಗೊತ್ತಿದ್ದಂತಿಲ್ಲ. ಮೇಲಾಗಿ ಈ ಲೀಟರಿನ ಲೆಕ್ಕ ಸಾಮಾನ್ಯವಾಗಿ ಡಿಕ್ಕಿಯ ಮೇಲಿನ ಹಲಗೆಯವರೆಗಿನದು. ಆ ಹಲಗೆಯ ಕೆಳಗೆ ನಾಯಿಯನ್ನು ಕೂರಿಸುವುದೆಂದರೆ ಪೆಟ್ಟಿಗೆಯಲ್ಲಿ ಮುಚ್ಚಿದಂತೆಯೇ. ಹಲಗೆ ತೆಗೆದರೂ ಗಾಳಿಯ ಪ್ರಶ್ನೆ ಉಳಿಯುತ್ತದೆ. ಎಸಿಯ ಕಿಂಡಿಗಳು ಹಿಂದಿನ ಸೀಟಿನವರೆಗೆ ಬಂದು ನಿಲ್ಲುತ್ತವೆ. ಡಿಕ್ಕಿಯವರೆಗೆ ಕೊಳವೆ ಎಳೆದ ಕಾರು ನಮ್ಮ ಮಧ್ಯಮ ವರ್ಗದ ಬೆಲೆಯಲ್ಲಿ ಸಿಗುವುದು ಕಷ್ಟ.

ಈಗಿನ ಫ್ಯಾಶನ್ನು ಹಿಂದಕ್ಕೆ ಇಳಿಜಾರಾದ ಮಾಡು. ಕರ್ವ್, ಬಿಇ 6, ಎಕ್ಸ್‌ಇವಿ 9ಇ ಎಲ್ಲ ಆ ಆಕಾರದವು. ಗಾಳಿ ಸೀಳಿಕೊಂಡು ಹೋಗಲು, ಅದರಿಂದ ನಾಲ್ಕು ಕಿಲೋಮೀಟರ್ ಹೆಚ್ಚು ಓಡಲು ಅದು ಒಳ್ಳೆಯದೇ. ಆದರೆ ಇಳಿಜಾರು ಶುರುವಾಗುವುದು ಸರಿಯಾಗಿ ನಾಯಿಯ ತಲೆ ಇರಬೇಕಾದ ಕಡೆ. ಆಮೇಲೆ ಬ್ಯಾಟರಿ. ಪೆಟ್ರೋಲ್ ಕಾರಿನ ಚೌಕಟ್ಟಿನಲ್ಲೇ ಬ್ಯಾಟರಿ ಕೂರಿಸಿದ ಗಾಡಿಗಳಲ್ಲಿ ಹಿಂದಿನ ಸೀಟಿನ ಎದುರಿನ ನೆಲ ಮೇಲೇಳುತ್ತದೆ. ಮನುಷ್ಯ ಮಂಡಿ ಸ್ವಲ್ಪ ಎತ್ತಿ ಸುಧಾರಿಸಿಕೊಳ್ಳುತ್ತಾನೆ. ನಾಯಿಗೆ ಮಾತ್ರ ಇದರಿಂದ ಲಾಭವೇ, ಸೀಟಿಗೂ ನೆಲಕ್ಕೂ ನಡುವಿನ ಕಂದಕ ಕಡಿಮೆಯಾಗಿ, ತೊಟ್ಟಿಲಿನಂಥ ಬಟ್ಟೆ ಕಟ್ಟಿದರೆ ಅಗಲವಾದ ಹಾಸಿಗೆಯಾಗುತ್ತದೆ. ಯಾವ ಬ್ರೋಷರಿನಲ್ಲೂ ಈ ಮಾತಿಲ್ಲ.

ಇದನ್ನೆಲ್ಲ ನಾನು ತಲೆಗೆ ಹಚ್ಚಿಕೊಂಡದ್ದು ಅಕ್ಕ-ಭಾವ ಕಾರು ಬದಲಿಸಲು ಹೊರಟಾಗ. ಬೆಂಗಳೂರಿನಲ್ಲಿ ಅವರಿಗೆ ಇಬ್ಬರು ಮಕ್ಕಳು, 32 ಕೆ.ಜಿ.ಯ ಒಂದು ಲ್ಯಾಬ್ರಡಾರ್, ಬೀದಿಯಿಂದ ಎತ್ತಿ ತಂದ ಒಂದು ಕರಿ ಹೆಣ್ಣುನಾಯಿ. ವರ್ಷಕ್ಕೆ ಮೂರು ಸಲ ತೀರ್ಥಹಳ್ಳಿಯ ಮನೆಗೆ ಬರುತ್ತಾರೆ. 'ಓದೋದೇ ನಿನ್ನ ಕೆಲಸ ಅಲ್ವಾ, ಇದನ್ನೂ ಓದು' ಎಂದು ಅಕ್ಕ ಎಂಟು ಕಾರುಗಳ ಬ್ರೋಷರುಗಳನ್ನು ನನಗೆ ಕಳಿಸಿದಳು. ಮೂವತ್ತೇಳು ಸಾವಿರದ ಫೆಲೋಶಿಪ್ಪು ಸಮಯಕ್ಕೆ ಬಂದರೆ ಹಬ್ಬ ಎನ್ನುವ ಸಂಶೋಧನಾ ವಿದ್ಯಾರ್ಥಿಗೆ ಕಾರು ಕೊಳ್ಳುವ ಮಾತಿಲ್ಲ, ಓದುವ ಚಟ ಮಾತ್ರ ಇದೆ. ಎಂಟರಲ್ಲೂ ಸ್ಕ್ರೀನು ಎಷ್ಟು ಇಂಚು ಎಂದಿತ್ತು, ಸ್ಪೀಕರ್ ಎಷ್ಟು, ಒಳಗಿನ ದೀಪಕ್ಕೆ ಎಷ್ಟು ಬಣ್ಣ ಎಂದಿತ್ತು. ಡಿಕ್ಕಿಯ ಬಾಯಿ ನೆಲದಿಂದ ಎಷ್ಟು ಎತ್ತರ ಎಂಬುದು ಒಂದರಲ್ಲೂ ಇರಲಿಲ್ಲ. ಸೊಂಟ ಸೋತ ಒಂಬತ್ತು ವರ್ಷದ ನಾಯಿ ಹತ್ತುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಅಂಕಿ ಅದೊಂದೇ. ಶೋರೂಮಿನಲ್ಲಿ ಕೇಳಿದಾಗ ಸೇಲ್ಸ್ ಹುಡುಗ ನಗುತ್ತ, 'ಪೆಟ್ ಮೋಡ್ ಇದೆಯಲ್ಲ ಮೇಡಂ' ಎಂದನಂತೆ.

ಈ ಪೆಟ್ ಮೋಡಿನ ಮೇಲೆ ನನಗೆ ವಿಶೇಷ ಸಿಟ್ಟಿದೆ. ಟೆಸ್ಲಾ 2019ರಲ್ಲಿ ಡಾಗ್ ಮೋಡ್ ತಂದಿತು. ಮಾಲೀಕ ಕಾರು ಬಿಟ್ಟುಹೋದರೂ ಎಸಿ ಓಡುತ್ತಿರುತ್ತದೆ, ಪರದೆಯ ಮೇಲೆ ಒಳಗಿನ ಉಷ್ಣತೆ ಮೂಡುತ್ತದೆ, ನನ್ನ ಯಜಮಾನರು ಬೇಗ ಬರುತ್ತಾರೆ ಎಂಬ ಅರ್ಥದ ಬರಹ ಇರುತ್ತದೆ. ತಂತ್ರವಾಗಿ ಅದು ಒಳ್ಳೆಯದೇ. ನಾಯಿ ಬೆವರುವುದು ಪಾದದಡಿಯಲ್ಲಿ ಅಷ್ಟಿಷ್ಟು. ಮೈ ತಂಪು ಮಾಡಿಕೊಳ್ಳಲು ಅದಕ್ಕಿರುವ ದಾರಿ ಏದುಸಿರು ಬಿಡುವುದು. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿ ಏರುತ್ತದೆ, ಕಿಟಕಿಯನ್ನು ಎರಡು ಬೆರಳು ತೆರೆದಿಟ್ಟರೆ ಹೆಚ್ಚೇನೂ ವ್ಯತ್ಯಾಸವಾಗುವುದಿಲ್ಲ. ಗಂಟೆಗೆ ಒಂದೆರಡು ಯೂನಿಟ್ ಖರ್ಚಿನಲ್ಲಿ ಅದನ್ನು ತಪ್ಪಿಸಬಹುದಾದರೆ ಬೇಡ ಎನ್ನುವವರು ಯಾರು? ಆದರೆ ನಾಯಿ ಕಾರಿನಲ್ಲಿ ಒಂಟಿಯಾಗಿ ಯಾಕೆ ಉಳಿಯುತ್ತದೆ ಎಂದು ಕೇಳಿಕೊಳ್ಳಿ. ಮಾಲಿನಲ್ಲಿ, ಹೋಟೆಲಿನಲ್ಲಿ, ನೆಂಟರ ಮನೆಯ ಜಗಲಿಯಲ್ಲಿ ಅದಕ್ಕೆ ಪ್ರವೇಶವಿಲ್ಲ. ಪೆಟ್ ಮೋಡ್ ಎಂಬುದು ನಾಯಿಗೆ ಪ್ರವೇಶವಿಲ್ಲ ಎಂಬ ಬೋರ್ಡನ್ನೇ ಕಾರಿನ ಒಳಗೆ ತೂಗುಹಾಕಿದ ಹಾಗೆ. ಕಾರಿನ ಬೆಲೆ ಏರಿಸಲು ಒಂದು ಸಾಫ್ಟ್‌ವೇರ್ ಸಾಕು, ಡಿಕ್ಕಿಯ ಬಾಯಿಯನ್ನು ನಾಲ್ಕು ಇಂಚು ಇಳಿಸಲು ಅಚ್ಚೇ ಬದಲಾಗಬೇಕು. ಯಾವುದನ್ನು ಮಾಡುತ್ತಾರೆ ಎಂದು ಹೇಳಲು ಸಂಶೋಧನೆ ಬೇಡ.

ಸುರಕ್ಷತೆಯ ಮಾತೂ ಹೀಗೇ. ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಶುರುವಾಯಿತು, ದೊಡ್ಡವರಿಗೆ ಎಷ್ಟು ನಕ್ಷತ್ರ, ಮಕ್ಕಳಿಗೆ ಎಷ್ಟು ಎಂದು ಹೇಳುತ್ತದೆ. ನಾಯಿಗೆ ನಕ್ಷತ್ರವಿಲ್ಲ. ಸರಿ, ಹೈಸ್ಕೂಲಿನ ಭೌತಶಾಸ್ತ್ರವಾದರೂ ಇದೆಯಲ್ಲ. 50 ಕಿ.ಮೀ. ವೇಗದ ಕಾರು ಡಿಕ್ಕಿ ಹೊಡೆದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, ಹಿಂದೆ ಸುಮ್ಮನೆ ಕೂತ 30 ಕೆ.ಜಿ. ನಾಯಿ ನಾಲ್ಕು ಕ್ವಿಂಟಲಿಗೂ ಹೆಚ್ಚಿನ ಬಲದಿಂದ ಮುಂದಿನ ಸೀಟಿಗೆ ಬಂದು ಬಡಿಯುತ್ತದೆ. ಆದರೂ ಬೆಂಗಳೂರಿನ ಯಾವ ಸಿಗ್ನಲ್ಲಿನಲ್ಲಿ ನಿಂತರೂ ಡ್ರೈವರ್ ತೊಡೆಯ ಮೇಲೆ, ಸ್ಟಿಯರಿಂಗಿಗೂ ಎದೆಗೂ ನಡುವೆ ಒಂದು ಶಿಟ್ಜು ಕಾಣುತ್ತದೆ. ಏರ್‌ಬ್ಯಾಗ್ ಅರಳಿದರೆ ಅದರ ಗತಿ ಏನು? ಪ್ರೀತಿ ಎಂದುಕೊಂಡಿದ್ದಾರೆ, ಫೋಟೋ ಹಾಕುತ್ತಾರೆ. ಕಾನೂನನ್ನು ನೆನಪಿಸುವುದೂ ವ್ಯರ್ಥ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮು ಪ್ರಾಣಿಯನ್ನು ನೋವಾಗುವಂತೆ ಸಾಗಿಸುವುದು ಅಪರಾಧ ಎನ್ನುತ್ತದೆ. ಮೊದಲ ಸಲ ಸಿಕ್ಕಿಬಿದ್ದರೆ ದಂಡ ಹತ್ತರಿಂದ ಐವತ್ತು ರೂಪಾಯಿ. ಒಂದು ಬೈಟು ಕಾಫಿಯ ದುಡ್ಡು.

ವಿದ್ಯುತ್ ಕಾರಿಗೇ ವಿಶೇಷವಾದ ತೊಂದರೆ ಒಂದಿದೆ. ಕಾಲು ತೆಗೆದ ಕೂಡಲೇ ಗಾಡಿ ತಾನೇ ಜಗ್ಗಿ ನಿಧಾನವಾಗಿ, ಆ ವೇಗವನ್ನೇ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಓಡಿಸುವವರಿಗೆ ಖುಷಿ. ಹಿಂದೆ ಕೂತವರಿಗೆ, ಅದರಲ್ಲೂ ನಾಲ್ಕು ಕಾಲಿನಲ್ಲಿ ನಿಂತು ತೂಗುವವರಿಗೆ, ಅದು ವಾಂತಿಯ ದಾರಿ. ಒತ್ತಿದ ತಕ್ಷಣ ಮುನ್ನುಗ್ಗುವ ಮೋಟಾರು, ಬಿಟ್ಟ ತಕ್ಷಣ ಹಿಂದಕ್ಕೆಳೆಯುವ ಬ್ರೇಕು, ಅದರ ಮೇಲೆ ಘಾಟಿಯ ತಿರುವು! ಆ ಜಗ್ಗಾಟವನ್ನು ತೀರಾ ಕಡಿಮೆ ಮಾಡಲು ಅಥವಾ ಪೂರ್ತಿ ನಿಲ್ಲಿಸಲು ಬರುತ್ತದೆಯೇ ಎಂಬುದನ್ನು ನಾನಾದರೆ ಮೈಲೇಜಿಗಿಂತ ಮೊದಲು ಕೇಳುತ್ತೇನೆ. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡಿನಲ್ಲಿ ಹೋಗುತ್ತದೆ ಎನ್ನುವವರಿಗೆ, ಎಷ್ಟು ನಿಧಾನವಾಗಿ ಹೋಗಬಲ್ಲದು ಎಂದು ತಿರುಗಿ ಕೇಳಿ.

ನಾಯಿಗಾಗಿ ಕಾರು ಆರಿಸುವುದು ದುಡ್ಡಿದ್ದವರ ಶೋಕಿ ಎಂಬ ಆಕ್ಷೇಪ ಬಂದೇ ಬರುತ್ತದೆ, ನಮ್ಮ ಹಾಸ್ಟೆಲಿನಲ್ಲಂತೂ ಬಂತು. ಹಾಗಾದರೆ ಬೇರೆ ದಾರಿ ತೋರಿಸಿ. ರೈಲಿನಲ್ಲಿ ನಾಯಿಯನ್ನು ಜತೆಗೆ ಕೂರಿಸಿಕೊಳ್ಳಬೇಕಾದರೆ ಎಸಿ ಫಸ್ಟ್ ಕ್ಲಾಸಿನಲ್ಲಿ ಇಡೀ ಕೂಪೆ ಹಿಡಿಯಬೇಕು, ಇಲ್ಲವಾದರೆ ಅದು ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹೋಗಬೇಕು. ನಮ್ಮ ಮೆಟ್ರೋ ಹತ್ತಿಸಿಕೊಳ್ಳುವುದಿಲ್ಲ. ಕೆಎಸ್‌ಆರ್‌ಟಿಸಿ ನಾಯಿಯ ಟಿಕೆಟನ್ನು 2022ರಲ್ಲಿ ಅರ್ಧಕ್ಕೆ ಇಳಿಸಿ ಪುಣ್ಯ ಕಟ್ಟಿಕೊಂಡಿತು, ಆದರೆ ಎಸಿ ಬಸ್ಸಿಗೆ ಹತ್ತಿಸುವುದಿಲ್ಲ. 2024ರಲ್ಲಿ ನಾಲ್ಕು ಗಿಳಿಗಳಿಗೆ ಮೈಸೂರಿನವರೆಗೆ 444 ರೂಪಾಯಿ ಟಿಕೆಟ್ ಹರಿದ ಸಂಸ್ಥೆಯೂ ಅದೇ. ಸಾರ್ವಜನಿಕ ಸಾರಿಗೆ ಬಾಗಿಲು ಹಾಕಿದ ಮೇಲೆ ಉಳಿಯುವುದು ಸ್ವಂತ ಗಾಡಿ, ಅದಿಲ್ಲದಿದ್ದರೆ ಊರಿಗೆ ಹೋಗುವಾಗ ನಾಯಿಯನ್ನು ಬಿಟ್ಟುಹೋಗುವುದು. ಮನೆ ಬದಲಿಸುವಾಗ ಬಿಟ್ಟುಹೋದ ನಾಯಿಗಳನ್ನು ನಮ್ಮ ಬಡಾವಣೆಗಳ ತಿರುವಿನಲ್ಲಿ ನೀವೂ ನೋಡಿರುತ್ತೀರಿ. ಕೊರಳಲ್ಲಿ ಪಟ್ಟಿ ಇನ್ನೂ ಇರುತ್ತದೆ.

ನಾಯಿಪ್ರೀತಿಯನ್ನು ಪಟ್ಟಣದವರು ಹೊರಗಿನಿಂದ ಆಮದು ಮಾಡಿಕೊಂಡದ್ದು ಎನ್ನುವವರಿಗೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಒಂದು ಉತ್ತರ ನಿಂತಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಒಡೆಯ ಮೆಚ್ಚಿ ಬೇಕಾದ್ದನ್ನು ಕೇಳು ಎಂದರೆ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು, ಪೂಜೆಗೆ ಭೂಮಿ ಬಿಟ್ಟರು. ಮೈಸೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಮದ್ದೂರು ದಾಟುವ ವಿದ್ಯುತ್ ಕಾರುಗಳಲ್ಲಿ ಈ ಸಂಗತಿ ಗೊತ್ತಿರುವವರು ಎಷ್ಟು ಜನರೋ. ಅಂದಹಾಗೆ, ನಮ್ಮಲ್ಲಿ ರಸ್ತೆಗಿಳಿದ ಮೊದಲ ವಿದ್ಯುತ್ ಕಾರುಗಳಲ್ಲಿ ಒಂದಾದ ರೇವಾ 2001ರಲ್ಲಿ ಹೊರಟದ್ದೂ ಬೆಂಗಳೂರಿನಿಂದಲೇ. ಅದರ ಹಿಂದಿನ ಸೀಟು ದೊಡ್ಡವರಿಗೆ ಸಾಲುತ್ತಿರಲಿಲ್ಲ, ಮಕ್ಕಳು ಮಾತ್ರ ಕೂರಬಹುದಿತ್ತು. ಒಂದು ಮುಧೋಳ ನಾಯಿ ಆರಾಮವಾಗಿ ಮುದುರಿಕೊಳ್ಳುತ್ತಿತ್ತೇನೋ.

ಇನ್ನು ಕಿಲೋಮೀಟರ್. ಕಂಪನಿ 450 ಎಂದರೆ ರಸ್ತೆಯಲ್ಲಿ ಮುನ್ನೂರರ ಆಸುಪಾಸು ಎಂದು ಹಿಡಿಯುವುದು ಓಡಿಸಿದವರ ರೂಢಿ, ಇದೇ ದೊಡ್ಡ ಚಿಂತೆ. ನಾಯಿಯಿರುವ ಕುಟುಂಬಕ್ಕೆ ಇದು ಚಿಂತೆಯೇ ಅಲ್ಲ. ಎರಡು ಗಂಟೆಗೊಮ್ಮೆ ನಾಯಿಯನ್ನು ಇಳಿಸಿ, ಮೂಸಲು ಬಿಟ್ಟು, ನೀರು ಕೊಡಲೇಬೇಕು. ಬೆಂಗಳೂರಿನಿಂದ ಬಿ.ಎಚ್. ರಸ್ತೆ ಹಿಡಿದರೆ ತಿಪಟೂರೋ ಅರಸೀಕೆರೆಯೋ ಬರುವ ಹೊತ್ತಿಗೆ ಕಾರಿಗೂ ನಾಯಿಗೂ ಒಟ್ಟಿಗೆ ನಿಲ್ಲುವ ಮನಸ್ಸಾಗುತ್ತದೆ. ಕಷ್ಟ ಇರುವುದು ಚಾರ್ಜರ್ ನೆಟ್ಟ ಜಾಗದಲ್ಲಿ. ಹೆದ್ದಾರಿ ಹೋಟೆಲಿನ ಕಾಂಕ್ರೀಟು ಅಂಗಳ, ಮಧ್ಯಾಹ್ನ ಪಾದ ಸುಡುವ ನೆಲ, ನೆರಳಿಗೆ ಒಂದು ಹೊಂಗೆ ಮರವೂ ಇಲ್ಲ. ಚಾರ್ಜಿಂಗ್ ಆ್ಯಪ್‌ಗಳು ಎಷ್ಟು ಕಿಲೋವ್ಯಾಟ್ ಎಂದು ತೋರಿಸುತ್ತವೆ, ಮರ ಇದೆಯೇ ಎಂದು ತೋರಿಸುವುದಿಲ್ಲ.

ಯಾವ ಕಾರು ಎಂದು ನೇರವಾಗಿ ಕೇಳಿದರೆ ನೇರವಾಗಿಯೇ ಹೇಳುತ್ತೇನೆ. ಒಂದೇ ಮಧ್ಯಮ ಗಾತ್ರದ ನಾಯಿ, ಊರೊಳಗಿನ ಓಡಾಟವಾದರೆ ಟಿಯಾಗೊದಂಥ ಸಣ್ಣದರ ಹಿಂದಿನ ಸೀಟೇ ಸಾಕು, ಡಿಕ್ಕಿ ಮರೆತುಬಿಡಿ. ಎರಡು ನಾಯಿ, ಎರಡು ಮಕ್ಕಳು, ಮಲೆನಾಡಿನ ದಾರಿ ಎಂದಾದರೆ ಇಳಿಜಾರು ಮಾಡಿನವನ್ನು ಪಕ್ಕಕ್ಕಿಟ್ಟು, ವಿಂಡ್ಸರಿನ ಹಾಗೆ ಉದ್ದಕ್ಕೆ ಒಳಜಾಗ ಇರುವಂಥವನ್ನು ನೋಡಿ, ಎಷ್ಟೇ ಪೆಟ್ಟಿಗೆಯಾಕಾರ ಎಂದು ಯಾರು ಹೀಗಳೆದರೂ. ಅರವತ್ತು ಲಕ್ಷದ ಟೆಸ್ಲಾದ ಮಾತು ನಮ್ಮಂಥವರಿಗೆ ಬೇಡ. ಅಳತೆ ಟೇಪು ಒಯ್ಯಿರಿ, ಡಿಕ್ಕಿಯ ಬಾಯಿಯ ಎತ್ತರವನ್ನು ನೀವೇ ಅಳೆಯಿರಿ. ಮಕ್ಕಳ ಸೀಟು ಸಿಕ್ಕಿಸುವ ಕೊಂಡಿ ಎಲ್ಲಿದೆ, ನಾಯಿಯ ಎದೆಪಟ್ಟಿಯನ್ನು ಬೆಲ್ಟಿಗೆ ಬಿಗಿಯಲು ಆಗುತ್ತದೆಯೇ ನೋಡಿ. ನಾಯಿಯನ್ನು ಶೋರೂಮಿನೊಳಗೆ ಬಿಡುವುದಿಲ್ಲ ಎಂದರೆ ಜಗಳ ಬೇಡ, ಟೆಸ್ಟ್ ಡ್ರೈವಿಗೆ ಗಾಡಿಯನ್ನು ಮನೆಗೇ ಕಳಿಸಿ ಎನ್ನಿ, ಕಳಿಸುತ್ತಾರೆ. ಸೀಟಿಗೆ ಹಳೇ ಚಾದರ ಹಾಸಿ, ಬಾಗಿಲು ತೆರೆದು, ಯಾರೂ ಎತ್ತದೆ, ಬಿಸ್ಕತ್ತು ತೋರಿಸದೆ, ನಾಯಿ ಏನು ಮಾಡುತ್ತದೆ ಎಂದು ಸುಮ್ಮನೆ ನೋಡಿ. ಅಕ್ಕನ ಮನೆಯ ಲ್ಯಾಬ್ರಡಾರ್ ಮೊದಲ ಎರಡು ಕಾರಿನ ಟೈರಿಗೆ ಕಾಲೆತ್ತಿ ಬಂತು. ಮೂರನೆಯದಕ್ಕೆ ಹತ್ತಿ, ಒಂದು ಸುತ್ತು ತಿರುಗಿ ಮಲಗಿತು. ಅವರು ಅದಕ್ಕೇ ಅಡ್ವಾನ್ಸ್ ಕೊಟ್ಟಿದ್ದಾರೆ.