ಅತ್ತೆಗೆ ಕೊಂಬು ಬರೆದರೆ ಸಾಕೆ?



ವರದಕ್ಷಿಣೆಯ ಬಗ್ಗೆ ನಾವು ಬರೆಯುವ ಕಥೆಗಳ ಮೇಲೆ ನನ್ನದೊಂದು ತಕರಾರಿದೆ. ಮೊದಲ ತಪ್ಪಿತಸ್ಥೆ ನಾನೇ. ಅಲ್ಲಿಂದಲೇ ಶುರು ಮಾಡುತ್ತೇನೆ.

ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ನಾನು ಬರೆದ ಕಥೆ ಓದಿದೆ. ಹಲ್ಲು ಕಡಿಯುವ ಅತ್ತೆ, ಕುಡುಕ ಗಂಡ, ದೇವತೆಯಂಥ ಸೊಸೆ. ಸೊಸೆ ಅಳುತ್ತಾಳೆ, ಏಟು ತಿನ್ನುತ್ತಾಳೆ, ಮತ್ತೆ ಅಳುತ್ತಾಳೆ. ಕೊನೆಗೆ ಸೀಮೆಎಣ್ಣೆ, ಬೆಂಕಿ. ಕೆಲವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಒಳಗೊಳಗೇ ಹೆಮ್ಮೆ. ಆಗ ಮೂಲೆಯಲ್ಲಿ ಕೂತಿದ್ದ ಹಿರಿಯಕ್ಕ ಕೇಳಿದರು: "ಎಲ್ಲಾ ಸರಿ ಕಣವ್ವಾ, ಆ ಹುಡುಗಿಗೆ ಏನು ಬೇಕಾಗಿತ್ತು?"

ನನ್ನ ಬಾಯಿ ಕಟ್ಟಿತು. ಅವಳ ಬಣ್ಣ, ಜಡೆಯ ಉದ್ದ ಎಲ್ಲ ಬರೆದಿದ್ದೆ. ಅವಳಿಗೂ ಒಂದು ಆಸೆ ಇದ್ದೀತೆಂದು ಯೋಚಿಸಿಯೇ ಇರಲಿಲ್ಲ!

ಏನೂ ಬೇಡದವಳಿಗೆ ಯಾರೊಡನೆ ಜಗಳ? ಒಬ್ಬಳಿಗೆ ಒಂದು ಬೇಕು, ಇನ್ನೊಬ್ಬಳಿಗೆ ಮತ್ತೊಂದು ಬೇಕು, ಇಬ್ಬರೂ ಒಂದೇ ಸೂರಿನಡಿ ಬದುಕಬೇಕು. ಕಥೆ ಹುಟ್ಟುವುದು ಅಲ್ಲಿ. ಅತ್ತೆಗೆ ಕೊಂಬು ಬರೆಯುವುದು ಸುಲಭ. ಆಕೆ ಮಗಳ ಮದುವೆಗೆ ಸಾಲ ಮಾಡಿದವಳು, ಸೊಸೆ ತರುವ ಹಣದಿಂದಲೇ ಅದನ್ನು ತೀರಿಸಲು ಕಾದವಳು ಎಂದು ಬರೆದು ನೋಡಿ. ಆಕೆಯ ಕ್ರೌರ್ಯ ಕಡಿಮೆಯಾಗುವುದಿಲ್ಲ, ಅದರ ಬೇರು ಕಾಣುತ್ತದೆ.

ಇನ್ನು ಹುಡುಗಿಯ ಅಪ್ಪ. ನಮ್ಮ ಕಥೆಗಳಲ್ಲಿ ಈತ ಸದಾ ಅಮಾಯಕ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ಅಪರಾಧ. ಆಸ್ತಿಯಲ್ಲಿ ಪಾಲು ಕೊಡಲೊಲ್ಲದೆ ವರದಕ್ಷಿಣೆ ಕೊಟ್ಟು ಕೈತೊಳೆದುಕೊಂಡ ಅಪ್ಪನನ್ನು ನಾವೇಕೆ ಬರೆಯುವುದಿಲ್ಲ?

ಬರೆದವರಿದ್ದಾರೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ನಾದಿರಾಳ ಸಂಸಾರ ಮುರಿಯುವವನು ಹೆತ್ತ ಅಪ್ಪನೇ. ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದಲ್ಲಿ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದವು. ಅವುಗಳಲ್ಲೊಂದು 'ಎದೆಯ ಹಣತೆ'. ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಕೂಸನ್ನೆತ್ತಿಕೊಂಡು ತವರಿಗೆ ಬಂದವಳನ್ನು, ಮನೆತನದ ಮಾನದ ಹೆಸರಿನಲ್ಲಿ ಅಣ್ಣತಮ್ಮಂದಿರೇ ಅದೇ ಮನೆಗೆ ವಾಪಸು ಬಿಟ್ಟು ಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವವಳು ಅವಳ ಮಗಳು. ಅಲ್ಲಿಯೂ ಸೀಮೆಎಣ್ಣೆಯಿದೆ. ಆದರೆ ಅದಕ್ಕೆ ಮೊದಲು ಮುಚ್ಚಿದ ಒಂದೊಂದು ಬಾಗಿಲೂ ನಮಗೆ ಕಾಣುತ್ತದೆ.

ಇದು ಬರೀ ಕಥೆಯ ಮಾತೆಂದು ತಿಳಿಯಬೇಡಿ. ನೊಂದವಳು ಮೂಕಿಯಾಗಿರಬೇಕು, ಹಿಂಸಿಸುವವಳು ರಾಕ್ಷಸಿಯಂತೆ ಕಾಣಬೇಕು ಎಂದು ನಮ್ಮ ಕಥೆಗಳೇ ಊರಿಗೆ ಕಲಿಸಿವೆ. ನಿಜವಾದ ಹೆಣ್ಣೊಬ್ಬಳು ಪಂಚಾಯ್ತಿಗೆ ಬಂದಾಗ ಏನನ್ನುತ್ತಾರೆ? "ಇವಳೇನು ಕಡಿಮೆಯೇ, ಎದುರು ಮಾತಾಡ್ತಾಳೆ." "ಅತ್ತೆ ದಿನಾ ಪೂಜೆ ಮಾಡೋ ಹೆಂಗಸು, ಹೊಡೆದಾಳೇ?" 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬೈಗುಳವನ್ನೂ, ದುಡ್ಡುಕಾಸಿಲ್ಲದಂತೆ ಮಾಡುವುದನ್ನೂ ಹಿಂಸೆಯೆಂದೇ ಕರೆಯುತ್ತದೆ. ನಮ್ಮ ಕಥೆಗಳು ಮಾತ್ರ ಬೆಂಕಿ ಹತ್ತುವವರೆಗೂ ಕಾಯುತ್ತವೆ!

ನನ್ನ ಕಥೆಯನ್ನು ತಿದ್ದಿ ಬರೆದೆ. ಈಗಿನ ಸೊಸೆ ಸಂಘದ ಸಾಲದಲ್ಲಿ ಹೊಲಿಗೆ ಯಂತ್ರ ಕೊಂಡಿದ್ದಾಳೆ. ಮಗಳ ಬಾಣಂತನಕ್ಕೆ ಅದನ್ನು ಮಾರಬೇಕೆಂದು ಅತ್ತೆಯ ಹಟ. ಸೊಸೆ ಸುಳ್ಳು ಹೇಳುತ್ತಾಳೆ, ಹೊಲಿಗೆಯ ಹಣ ಬಚ್ಚಿಡುತ್ತಾಳೆ, ಪಾತ್ರೆ ಕುಕ್ಕುತ್ತಾಳೆ. ಗಂಡ ಕೈಯೆತ್ತುತ್ತಾನೆ. ಅವಳು ಸುಳ್ಳು ಹೇಳಿದ್ದು ಅವನ ಏಟಿಗೆ ಸಮರ್ಥನೆಯಾದೀತೆ? ಓದುವವರು ಈ ಪ್ರಶ್ನೆಯನ್ನು ಎದುರಿಸಲಿ ಎಂಬುದೇ ನನ್ನ ಆಸೆ.

ಈ ಸಲ ಓದಿದಾಗ ಯಾರೂ ಅಳಲಿಲ್ಲ. ಸಭೆಯಲ್ಲಿ ವಾದ ಎದ್ದಿತು, ಮನೆಗೆ ಹೋಗುವುದು ತಡವಾಯಿತು.

ನೀವೂ ಬರೆಯಿರಿ. ಅಕ್ಷರ ಬಾರದಿದ್ದರೆ ಹೇಳಿ ಬರೆಸಿ. ಮೊದಲ ಸಾಲಿಗೂ ಮುಂಚೆ ಹಿರಿಯಕ್ಕನ ಆ ಪ್ರಶ್ನೆಯನ್ನು ಸೊಸೆಗೂ ಕೇಳಿ, ಅತ್ತೆಗೂ ಕೇಳಿ: ನಿನಗೆ ಏನು ಬೇಕವ್ವಾ?